ಕೋಳಿಯ ಗಡ್ಡೆಗೆ ಬಡವರ ಹಣವೇ?



ಕ್ಯಾನ್ಸರ್ ಹೊಕ್ಕ ಮನೆಗೆ ಹೋಗಿಬರುವುದು ಯಾವ ಧರ್ಮಕೇಂದ್ರದ ಗುರುವಿಗೂ ಹೊಸದಲ್ಲ. ರೋಗಿಗೆ ಪರಮಪ್ರಸಾದ ಕೊಟ್ಟು, ಮನೆಯವರೊಡನೆ ಜಪಸರ ಹೇಳಿ ಮುಗಿಸಿ, ಕಾಫಿಯ ಲೋಟ ಕೈಗೆ ಬಂದ ಮೇಲೆ ಮಾತು ಮೆಲ್ಲನೆ ಖರ್ಚಿನ ಕಡೆಗೆ ಹೊರಳುತ್ತದೆ. ಹಸು ಮಾರಿದ್ದಾಯಿತು, ಮಗಳ ಮದುವೆಗೆಂದು ಮಾಡಿಸಿದ್ದ ಒಡವೆ ಅಡವಿಗೆ ಹೋಯಿತು. ಆಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸ್ವಾಮಿ, ಚಂದ್ರನ ಮೇಲೆ ಇಳಿದದ್ದಾಯಿತು. ಕೋಟಿಗಟ್ಟಲೆ ಸುರಿದು ಸಂಶೋಧನೆ ಮಾಡುತ್ತಾರಂತೆ. ಈ ಕಾಯಿಲೆಗೆ ಮಾತ್ರ ಇನ್ನೂ ಒಂದು ಮದ್ದು ಸಿಕ್ಕಲಿಲ್ಲವೇ?"

ಈ ಪ್ರಶ್ನೆಯ ಬೆನ್ನಿಗೆ ಇನ್ನೊಂದು ಪ್ರಶ್ನೆಯಿದೆ. ಅದು ಇದಕ್ಕಿಂತ ಕಠಿಣವಾದುದು. ಇಲಿ, ನೊಣ, ಕೋಳಿಗಳ ಮೇಲೆ ಪ್ರಯೋಗ ಮಾಡಲು ಸರ್ಕಾರ ಕೊಡುವ ಹಣ ಯಾರದು? ಸಾಬೂನು, ಬೆಂಕಿಪೊಟ್ಟಣ ಕೊಳ್ಳುವ ಕೂಲಿಯವನೂ ತೆರಿಗೆ ಕೊಡುತ್ತಾನೆ. ಆಸ್ಪತ್ರೆಯ ವರಾಂಡದಲ್ಲಿ ಚಾಪೆ ಹಾಸಿ ಮಲಗಿದವನಿಗೆ ಮೊದಲು ಒಂದು ಮಂಚ ಕೊಡುವುದು ಧರ್ಮವೋ, ಎಂದೋ ಯಾರಿಗೋ ಉಪಯೋಗಕ್ಕೆ ಬಂದೀತೆಂದು ಕೋಳಿಯ ಗಡ್ಡೆಯನ್ನು ಕುಯ್ದು ನೋಡುವುದು ಧರ್ಮವೋ? ಇದು ವಿಜ್ಞಾನಿಗಳಿಗೆ ಮಾತ್ರ ಬಿಟ್ಟುಬಿಡಬಹುದಾದ ಪ್ರಶ್ನೆಯಲ್ಲ. ಹಣ ಎಲ್ಲರದ್ದಾದ್ದರಿಂದ ಅದರ ವಿವೇಚನೆಯೂ ಎಲ್ಲರ ಹೊಣೆ.

ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೂ ಬರಹದಿಂದಲೂ ಉತ್ತರ ಕೊಡಲು ಯತ್ನಿಸಿದ ಒಬ್ಬ ವಿಜ್ಞಾನಿ ಅಮೆರಿಕದಲ್ಲಿದ್ದಾರೆ. ಹೆರಾಲ್ಡ್ ವಾರ್ಮಸ್ ಎಂದು ಅವರ ಹೆಸರು. ಅವರು ನಮ್ಮ ವಿಶ್ವಾಸದವರಲ್ಲ. ಅವರ ಅಭಿಪ್ರಾಯಗಳಲ್ಲಿ ಒಂದನ್ನಂತೂ ನಾವು ಒಪ್ಪುವಂತೆಯೇ ಇಲ್ಲ. ಅದನ್ನು ಮುಂದೆ ಹೇಳುತ್ತೇನೆ. ಆದರೂ ಅವರ ಮಾತನ್ನು ಪೂರ್ತಿ ಕೇಳುವುದು ನ್ಯಾಯ.

ವಾರ್ಮಸ್ 1939ರಲ್ಲಿ ನ್ಯೂಯಾರ್ಕ್ ಪ್ರಾಂತ್ಯದಲ್ಲಿ ಹುಟ್ಟಿದವರು. ತಂದೆ ವೈದ್ಯರು. ಮಗ ಮೊದಲು ಓದಿದ್ದು ಇಂಗ್ಲಿಷ್ ಸಾಹಿತ್ಯ. ಹಾರ್ವರ್ಡಿನಲ್ಲಿ ಅದೇ ವಿಷಯದಲ್ಲಿ ಎಂ.ಎ. ಮುಗಿಸಿ, ಅನಂತರ ವೈದ್ಯಕೀಯಕ್ಕೆ ತಿರುಗಿದರು. ಆ ದಿನಗಳಲ್ಲಿ ನಮ್ಮ ದೇಶಕ್ಕೂ ಬಂದು ಉತ್ತರ ಪ್ರದೇಶದ ಬರೇಲಿಯ ಮಿಷನ್ ಆಸ್ಪತ್ರೆಯಲ್ಲಿ ಕೆಲವು ಕಾಲ ಕೆಲಸ ಮಾಡಿದ್ದುಂಟು. ವರಾಂಡದ ಚಾಪೆಯನ್ನು ಅವರು ಕಾಣದವರಲ್ಲ ಎಂಬುದಕ್ಕೆ ಇದನ್ನು ಹೇಳಿದೆ. ಅವರ ತಾಯಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. 1970ರಲ್ಲಿ ಸಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿ ಮೈಕೆಲ್ ಬಿಷಪ್ ಎಂಬವರ ಜೊತೆ ಅವರು ಕೈಗೆತ್ತಿಕೊಂಡದ್ದು ಕೋಳಿಯ ಗಡ್ಡೆಯ ಸಮಸ್ಯೆಯನ್ನೇ.

ಆ ಕೋಳಿಯ ಕಥೆ ಇನ್ನೂ ಹಳೆಯದು. 1909ರಲ್ಲಿ ಒಬ್ಬ ರೈತ ಮಹಿಳೆ ಎದೆಯ ಮೇಲೆ ಗಡ್ಡೆಯಿದ್ದ ಒಂದು ಹೇಂಟೆಯನ್ನು ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಗೆ ತಂದು ಪೇಟನ್ ರೌಸ್ ಎಂಬ ತರುಣ ವೈದ್ಯನಿಗೆ ಒಪ್ಪಿಸಿದಳು. ರೌಸ್ ಆ ಗಡ್ಡೆಯನ್ನು ಅರೆದು, ಜೀವಕೋಶವೊಂದೂ ನುಸುಳದಷ್ಟು ಸೂಕ್ಷ್ಮವಾಗಿ ಸೋಸಿ, ಆ ರಸವನ್ನು ಬೇರೆ ಕೋಳಿಗಳಿಗೆ ಚುಚ್ಚಿದರು. ಅವುಗಳಿಗೂ ಗಡ್ಡೆ ಬಂತು. ಅಂದರೆ ಆ ರಸದಲ್ಲಿ ಕಣ್ಣಿಗೆ ಕಾಣದ ಏನೋ ಒಂದು ಇತ್ತು. ನಾವು ಇಂದು ಅದನ್ನು ವೈರಸ್ ಎನ್ನುತ್ತೇವೆ. 1911ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಬಲ್ಲವರು ಹೆಚ್ಚು ಗಮನ ಕೊಡಲಿಲ್ಲ. ಕೋಳಿಯ ಕಾಯಿಲೆ ಕೋಳಿಗೆ, ಮನುಷ್ಯನಿಗೆ ಅದರಿಂದೇನು ಎಂದರು. ರೌಸ್ ಕೆಲವೇ ವರ್ಷಗಳಲ್ಲಿ ಆ ಕೆಲಸವನ್ನು ಬದಿಗಿಟ್ಟು ರಕ್ತವನ್ನು ಕೆಡದಂತೆ ಕಾಪಾಡುವ ವಿಧಾನದ ಕಡೆಗೆ ತಿರುಗಿದರು. ಮೊದಲನೆಯ ಮಹಾಯುದ್ಧದ ಗಾಯಾಳುಗಳಿಗೆ ಆ ವಿಧಾನ ಜೀವದಾನವಾಯಿತು. ಕೋಳಿಯ ಗಡ್ಡೆಗಾಗಿ ಅವರಿಗೆ ನೊಬೆಲ್ ಪಾರಿತೋಷಕ ಬಂದದ್ದು 1966ರಲ್ಲಿ, ಅವರ 87ನೆಯ ವಯಸ್ಸಿನಲ್ಲಿ. ಐವತ್ತೈದು ವರ್ಷಗಳ ಕಾಯುವಿಕೆ! ಸಿಮೆಯೋನನಿಗೆ ದೇವಾಲಯದಲ್ಲಿ ಇದ್ದಂಥ ತಾಳ್ಮೆ ಬೇಕಷ್ಟೇ.

ಬಿಷಪ್ ಮತ್ತು ವಾರ್ಮಸ್ ಕೇಳಿದ ಪ್ರಶ್ನೆ ಸರಳವಾಗಿತ್ತು. ರೌಸರ ವೈರಸ್ಸಿನಲ್ಲಿ ಗಡ್ಡೆಯನ್ನುಂಟುಮಾಡುವ ಒಂದು ವಂಶವಾಹಿ ಇದೆ. ಅದು ವೈರಸ್ಸಿಗೆ ಎಲ್ಲಿಂದ ಬಂತು? 1976ರಲ್ಲಿ ಅವರು, ಡೊಮಿನಿಕ್ ಸ್ಟೆಹೆಲಿನ್ ಎಂಬ ಫ್ರೆಂಚ್ ಸಹೋದ್ಯೋಗಿ ಮತ್ತು ಪೀಟರ್ ವೋಗ್ಟ್ ಅವರೊಡನೆ, ಪ್ರಕಟಿಸಿದ ಉತ್ತರ ಯಾರೂ ನಿರೀಕ್ಷಿಸದಂಥದು. ಆ ವಂಶವಾಹಿಯ ಮೂಲ ರೂಪ ಯಾವ ರೋಗವೂ ಇಲ್ಲದ ಕೋಳಿಯ ಜೀವಕೋಶದಲ್ಲೇ ಇತ್ತು. ಬಾತುಕೋಳಿಯಲ್ಲೂ ಇತ್ತು, ಎಮು ಪಕ್ಷಿಯಲ್ಲೂ ಇತ್ತು. ಮನುಷ್ಯನಲ್ಲಿಯೂ ಇದೆಯೆಂದು ಅನಂತರ ತಿಳಿಯಿತು. ವೈರಸ್ ಅದನ್ನು ಎಂದೋ ಕೋಳಿಯಿಂದ ಕದ್ದೊಯ್ದು ಕೆಡಿಸಿತ್ತು. 1989ರ ನೊಬೆಲ್ ಪಾರಿತೋಷಕ ಬಿಷಪ್ ಮತ್ತು ವಾರ್ಮಸರಿಗೆ ಬಂತು. ಪ್ರಯೋಗಗಳನ್ನು ಕೈಯಾರೆ ಮಾಡಿದ ಸ್ಟೆಹೆಲಿನ್ ತಮ್ಮನ್ನು ಬಿಟ್ಟದ್ದು ಅನ್ಯಾಯವೆಂದು ಪ್ರತಿಭಟಿಸಿದರು. ಇಂಥ ವ್ಯಾಜ್ಯ ಪ್ರಯೋಗಶಾಲೆಯಲ್ಲೂ ಇದೆ, ಗಾಯನ ವೃಂದದಲ್ಲೂ ಇದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಕೆಡುಕು ಎಂಬುದು ಸ್ವತಂತ್ರವಾದ ಒಂದು ವಸ್ತುವಲ್ಲ, ಒಳಿತು ತನ್ನ ಕ್ರಮವನ್ನು ಕಳೆದುಕೊಂಡಾಗ ಉಂಟಾಗುವ ಕೊರತೆಯೇ ಕೆಡುಕು ಎಂದು ಸಂತ ಅಗಸ್ಟಿನ್ನರೂ ಅವರ ಬಳಿಕ ಸಂತ ಥಾಮಸ್ ಅಕ್ವಿನಾಸರೂ ಕಲಿಸಿದರು. ಗುರುಮಠದಲ್ಲಿ ಇದನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದವರಿಗೆ ಕ್ಯಾನ್ಸರಿನ ಈ ವಿವರ ಕಂಡಾಗ ಬೆರಗಾಗದಿರದು. ಜೀವಕೋಶ ಬೆಳೆಯಲು, ಗಾಯ ಮಾಯಲು, ಗರ್ಭದಲ್ಲಿ ಮಗು ಬೆಳೆಯಲು ಬೇಕಾದ ಆಜ್ಞೆಗಳನ್ನು ಹೊತ್ತ ವಂಶವಾಹಿಗಳೇ ಕೆಟ್ಟು ನಿಂತಾಗ ಗಡ್ಡೆಯಾಗುತ್ತವೆ. ವಿಜ್ಞಾನವು ದೈವಶಾಸ್ತ್ರವನ್ನು ಸಾಬೀತು ಮಾಡಿತು ಎಂದು ನಾನು ಹೇಳುವುದಿಲ್ಲ. ಅಂಥ ಅವಸರದ ಮಾತು ಎರಡಕ್ಕೂ ಒಳ್ಳೆಯದಲ್ಲ. ಆದರೆ "ಯಾವ ಪಾಪಕ್ಕೆ ಈ ಶಿಕ್ಷೆ?" ಎಂದು ಅಳುವ ತಾಯಿಗೆ "ಅಮ್ಮಾ, ಇದು ಶಿಕ್ಷೆಯಲ್ಲ, ದೇಹವನ್ನು ಕಟ್ಟುವ ಕೆಲಸದಲ್ಲೇ ಒಂದು ಎಳೆ ತಪ್ಪಿದೆ" ಎಂದು ಹೇಳಲು ನನಗೆ ಈ ಕೋಳಿ ಧೈರ್ಯ ಕೊಟ್ಟಿದೆ. ಹುಟ್ಟು ಕುರುಡನ ವಿಷಯದಲ್ಲಿ ಶಿಷ್ಯರು ಅದೇ ಪ್ರಶ್ನೆ ಕೇಳಿದಾಗ ಪ್ರಭು ಯೇಸು ಅವನನ್ನೂ ಅವನ ತಂದೆತಾಯಿಯನ್ನೂ ಆ ಆಪಾದನೆಯಿಂದ ಬಿಡಿಸಿದ್ದನ್ನು ಸಂತ ಯೊವಾನ್ನರ ಶುಭಸಂದೇಶದಲ್ಲಿ ಓದುತ್ತೇವೆ.

ಕೋಳಿ, ಇಲಿಗಳಿಂದ ಮನುಷ್ಯನಿಗೆ ಏನು ಬಂತು ಎಂದು ಕೇಳುವವರಿಗೆ ಇನ್ನೊಂದು ಕಥೆ ಹೇಳಬೇಕು. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಎಂಬವರು ಒಂದು ಬಗೆಯ ರಕ್ತ ಕ್ಯಾನ್ಸರಿನ ರೋಗಿಗಳಲ್ಲಿ ಒಂದು ವರ್ಣತಂತು ಮೊಟಕಾಗಿರುವುದನ್ನು ಕಂಡರು. 1973ರಲ್ಲಿ ಜಾನೆಟ್ ರೌಲಿ, ಆ ತುಂಡು ಕಳೆದುಹೋಗಿಲ್ಲ, ಇನ್ನೊಂದು ವರ್ಣತಂತಿನೊಡನೆ ಅದಲುಬದಲಾಗಿದೆ ಎಂದು ತೋರಿಸಿದರು. ಹಾಗೆ ಸ್ಥಳ ಬದಲಿಸಿದ ವಂಶವಾಹಿಯನ್ನು ಗುರುತಿಸಲು ಸಾಧ್ಯವಾದದ್ದು ಇಲಿಗಳಲ್ಲಿ ರಕ್ತ ಕ್ಯಾನ್ಸರ್ ತರುವ ಒಂದು ವೈರಸ್ಸಿನಿಂದ. ಬಿಷಪ್ ಮತ್ತು ವಾರ್ಮಸ್ ತೋರಿಸಿದ್ದ ದಾರಿಯಲ್ಲೇ ಅದನ್ನು ಹುಡುಕಿದ್ದರು. ಶತ್ರು ಯಾರೆಂದು ಗೊತ್ತಾದ ಮೇಲೆ ಅವನ ಕೈ ಕಟ್ಟುವ ಮಾತ್ರೆಯನ್ನು ಕಂಪೆನಿಯೊಂದರ ರಸಾಯನ ವಿಜ್ಞಾನಿಗಳು ತಯಾರಿಸಿದರು. ಬ್ರಯನ್ ಡ್ರೂಕರ್ ಎಂಬ ವೈದ್ಯರು 1998ರಲ್ಲಿ ಅದನ್ನು ರೋಗಿಗಳಿಗೆ ಕೊಟ್ಟು ನೋಡಿದರು. 2001ರ ಮೇ ತಿಂಗಳಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇಮ್ಯಾಟಿನಿಬ್ ಎಂದು ಅದರ ಹೆಸರು. ನಮ್ಮ ಧರ್ಮಕೇಂದ್ರದಲ್ಲಿ ಒಬ್ಬ ಬಡಗಿ ಇದ್ದಾನೆ. ದಿನಾ ಬೆಳಿಗ್ಗೆ ತಿಂಡಿ ತಿಂದು ಆ ಮಾತ್ರೆ ನುಂಗಿ ಉಳಿ ಹಿಡಿದು ಕೆಲಸಕ್ಕೆ ಹೊರಡುತ್ತಾನೆ. ಅವನು ಪೇಟನ್ ರೌಸರ ಹೆಸರು ಕೇಳಿಲ್ಲ, ಕೇಳಬೇಕಾಗಿಯೂ ಇಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. 1911ರಲ್ಲಿ ಯಾರಾದರೂ ರೌಸರನ್ನು "ಇದರಿಂದ ಯಾವ ರೋಗಿಗೆ, ಯಾವ ವರ್ಷ ಗುಣವಾಗುತ್ತದೆ? ಬರೆದುಕೊಡಿ, ಆಮೇಲೆ ಹಣ" ಎಂದು ಕೇಳಿದ್ದರೆ ಅವರು ಏನೆಂದು ಬರೆಯಬೇಕಿತ್ತು? ಸತ್ಯವಂತರಾದರೆ ಏನನ್ನೂ ಬರೆಯುವಂತಿರಲಿಲ್ಲ. ವಾರ್ಮಸರ ವಾದದ ತಿರುಳು ಇದೇ. ಆವಿಷ್ಕಾರಕ್ಕೆ ಆಜ್ಞೆ ಮಾಡಲು ಬರುವುದಿಲ್ಲ. ಪ್ರಕೃತಿಯ ಗುಟ್ಟನ್ನು ಅರಿಯುವ ಕೆಲಸ ಮೊದಲು ನಡೆಯಬೇಕು, ಮದ್ದು ಆಮೇಲೆ. ಲಾಭಕ್ಕಾಗಿ ನಡೆಯುವ ಕಂಪೆನಿ ತೊಂಬತ್ತು ವರ್ಷ ಕಾಯಲಾರದು. ಆದ್ದರಿಂದ ಆ ಮೊದಲ ಕೆಲಸಕ್ಕೆ ಸಮಾಜವೇ ತನ್ನ ಬೊಕ್ಕಸದಿಂದ ಕೊಡಬೇಕು. ಸುಮ್ಮನೆ ಹೀಗೆ ಬರೆದು ಕೂತವರಲ್ಲ ಅವರು. 1993ರಿಂದ 1999ರವರೆಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ನಿರ್ದೇಶಕರಾಗಿ, 2010ರಿಂದ 2015ರವರೆಗೆ ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ನಿರ್ದೇಶಕರಾಗಿ ಆ ಹಣವನ್ನು ಹಂಚುವ ಕುರ್ಚಿಯಲ್ಲೇ ಕುಳಿತವರು.

ಸಂತ ಲೂಕರ ಶುಭಸಂದೇಶದಲ್ಲಿ ಅಂಜೂರದ ಮರದ ಸಾಮತಿ ಬರುತ್ತದೆ. ಮೂರು ವರ್ಷಗಳಿಂದ ಹಣ್ಣು ಬಿಡದ ಮರವನ್ನು ಕಡಿದುಹಾಕು ಎಂದು ಯಜಮಾನ ಹೇಳಿದಾಗ, ತೋಟಗಾರ ಇನ್ನೊಂದು ವರ್ಷ ಕೇಳಿಕೊಳ್ಳುತ್ತಾನೆ. ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಎನ್ನುತ್ತಾನೆ. ನಮ್ಮ ದೇಶದಲ್ಲೂ ಸಂಶೋಧನೆಯ ಯೋಜನೆಗಳಿಗೆ ಸಾಮಾನ್ಯವಾಗಿ ಸಿಗುವುದು ಮೂರೇ ವರ್ಷ ಎಂಬುದು ನೆನಪಾದಾಗ ಈ ಸಾಮತಿ ಓದುವಾಗ ನಗು ಬರುತ್ತದೆ. ಆದರೆ ತೋಟಗಾರನ ಮಾತಿನ ಇನ್ನರ್ಧವನ್ನು ಮರೆಯಬಾರದು. ಆಮೇಲೂ ಹಣ್ಣು ಬಿಡದಿದ್ದರೆ ಕಡಿಯಬಹುದು ಎಂದು ಅವನೂ ಒಪ್ಪುತ್ತಾನೆ. ತಾಳ್ಮೆಯೆಂದರೆ ಲೆಕ್ಕ ಕೇಳದಿರುವುದಲ್ಲ. ವಿಜ್ಞಾನಿ ಅಗೆದಿದ್ದಾನೆಯೇ, ಗೊಬ್ಬರ ಹಾಕಿದ್ದಾನೆಯೇ ಎಂದು ಕೇಳುವ ಹಕ್ಕು ಹಣ ಕೊಟ್ಟವನಿಗೆ ಇದ್ದೇ ಇದೆ. ಹಣ್ಣಿನ ದಿನಾಂಕವನ್ನು ಮಾತ್ರ ಕೇಳಬಾರದು.

ದಿನಾಂಕ ಕೇಳಿದರೆ ಏನಾಗುತ್ತದೆ? ಸುಳ್ಳು ಹುಟ್ಟುತ್ತದೆ. 1971ರ ಡಿಸೆಂಬರಿನಲ್ಲಿ ಅಧ್ಯಕ್ಷ ನಿಕ್ಸನ್ ಕ್ಯಾನ್ಸರ್ ಕಾಯಿದೆಗೆ ಸಹಿ ಹಾಕಿದಾಗ ದೇಶವೆಲ್ಲ ಅದನ್ನು ಕ್ಯಾನ್ಸರ್ ವಿರುದ್ಧದ ಯುದ್ಧವೆಂದು ಕರೆಯಿತು. 1976ರಲ್ಲಿ ಅಮೆರಿಕದ ಸ್ವಾತಂತ್ರ್ಯಕ್ಕೆ ಇನ್ನೂರು ವರ್ಷ ತುಂಬುವ ಹೊತ್ತಿಗೆ ಮದ್ದು ಸಿದ್ಧವಾಗಲಿ ಎಂದು ಆಸೆ ಹುಟ್ಟಿಸಿದವರಿದ್ದರು. ಆ ವರ್ಷ ಸಿಕ್ಕಿದ್ದು ಮದ್ದಲ್ಲ, ಕೋಳಿಯ ಜೀವಕೋಶದ ಆ ಸಣ್ಣ ವರದಿ. ಆಸೆ ಹುಟ್ಟಿಸಿ ಹಣ ಪಡೆಯುವುದು ರೋಗಿಯ ಮಟ್ಟಿಗೆ ಕ್ರೌರ್ಯವೇ ಸರಿ. 2014ರಲ್ಲಿ ವಾರ್ಮಸರು ಬ್ರೂಸ್ ಆಲ್ಬರ್ಟ್ಸ್, ಮಾರ್ಕ್ ಕಿರ್ಷ್ನರ್, ಶರ್ಲಿ ಟಿಲ್ಗ್‌ಮನ್ ಎಂಬ ಇತರ ಮೂವರು ವಿಜ್ಞಾನಿಗಳೊಡನೆ ಸೇರಿ ತಮ್ಮ ಕ್ಷೇತ್ರದ ದೋಷಗಳನ್ನು ತಾವೇ ಬಯಲಿಗಿಟ್ಟರು. 1998ರಿಂದ 2003ರವರೆಗೆ ಸರ್ಕಾರದ ಅನುದಾನ ಇಮ್ಮಡಿಯಾಯಿತು. ಅದು ಹೀಗೆಯೇ ಏರುತ್ತಲೇ ಇರುತ್ತದೆಂದು ನಂಬಿ ಸಂಸ್ಥೆಗಳು ಕಟ್ಟಡ ಕಟ್ಟಿದವು, ವಿದ್ಯಾರ್ಥಿಗಳನ್ನು ತುಂಬಿಕೊಂಡವು. ಅನಂತರ ಏರಿಕೆ ನಿಂತಿತು, ಬಾಯಿಗಳು ಹೆಚ್ಚಾದವು, ಅನ್ನ ಅಷ್ಟೇ ಉಳಿಯಿತು. ಅಂಥ ಪೈಪೋಟಿಯಲ್ಲಿ ವಿಜ್ಞಾನಿ ಹೊಸ ದಾರಿ ಹಿಡಿಯಲು ಅಂಜುತ್ತಾನೆ, ಕಂಡದ್ದಕ್ಕಿಂತ ಹೆಚ್ಚು ಹೇಳುವ ಮೋಹಕ್ಕೆ ಒಳಗಾಗುತ್ತಾನೆ ಎಂದು ಅವರು ಎಚ್ಚರಿಸಿದರು. ತಮ್ಮವರ ತಪ್ಪನ್ನು ತಮ್ಮವರ ಪತ್ರಿಕೆಯಲ್ಲೇ ಬರೆಯುವುದು ಸುಲಭವಲ್ಲ. ನಾವು ಗುರುಗಳು ಅದನ್ನು ಬಲ್ಲೆವು.

ಆದರೆ ವರಾಂಡದ ಚಾಪೆಯ ಮೇಲಿನವನಿಗೆ ಇದು ಉತ್ತರವಾಯಿತೇ? ಬೆಥಾನಿಯಲ್ಲಿ ಮರಿಯಳು ಬೆಲೆಬಾಳುವ ಸುಗಂಧ ತೈಲವನ್ನು ಪ್ರಭುವಿನ ಪಾದಗಳಿಗೆ ಹಚ್ಚಿದಾಗ, ಮುನ್ನೂರು ದಿನಾರಿಗೆ ಮಾರಿ ಬಡವರಿಗೆ ಹಂಚಬಹುದಿತ್ತಲ್ಲ ಎಂದು ಯೂದನು ಗೊಣಗಿದ ಪ್ರಸಂಗವನ್ನು ಇಲ್ಲಿ ಉದಾಹರಿಸುವವರನ್ನು ಕೇಳಿದ್ದೇನೆ. ನನಗೆ ಅದು ಹಿಡಿಸುವುದಿಲ್ಲ. ಬಡವರ ಪರವಾಗಿ ಕೇಳುವ ಬಾಯಿಯನ್ನೆಲ್ಲ ಯೂದನ ಹೆಸರು ಹೇಳಿ ಮುಚ್ಚಿಸುವುದು ಶುಭಸಂದೇಶದ ದುರುಪಯೋಗ. ಜೆರಿಕೋವಿನ ದಾರಿಬದಿಯಲ್ಲಿ ಕುಳಿತ ಕುರುಡ ಬಾರ್ತಿಮಾಯ ಕೂಗಿಕೊಂಡಾಗ ಸುಮ್ಮನಿರು ಎಂದು ಗದರಿಸಿದವರು ಜನ. ನಿಂತು ಅವನನ್ನು ಕರೆಸಿದವರು ಪ್ರಭು. ವಾರ್ಮಸರ ಕಾಲದಲ್ಲಿ ಸ್ತನ ಕ್ಯಾನ್ಸರಿನ ಮಹಿಳೆಯರು, ಪಾರ್ಕಿನ್ಸನ್ ರೋಗಿಗಳು, ಏಡ್ಸ್ ರೋಗಿಗಳು ತಮ್ಮ ತಮ್ಮ ಕಾಯಿಲೆಗೆ ಇಂತಿಷ್ಟು ಹಣವೆಂದು ಸಂಸತ್ತೇ ಗೊತ್ತುಮಾಡಬೇಕೆಂದು ಕೂಗಿದರು. ವಾರ್ಮಸ್ ಅದನ್ನು ವಿರೋಧಿಸಿದರು. ಯಾವ ಬಾಗಿಲಿನಿಂದ ಬೆಳಕು ಬರುತ್ತದೆಂದು ಮೊದಲೇ ತಿಳಿಯದು ಎಂಬುದು ಅವರ ಕಾರಣ. ಕೋಳಿಯ ಕಥೆ ಬಲ್ಲವನಿಗೆ ಆ ಕಾರಣ ಸರಿಯೆನಿಸುತ್ತದೆ. ಆದರೂ ಕೂಗಿದವರಲ್ಲೂ ಅರ್ಧ ಸತ್ಯವಿತ್ತು. ಸಾರ್ವಜನಿಕರ ಧ್ವನಿಗೆ ಅಲ್ಲಿ ಸಾಕಷ್ಟು ಜಾಗವಿಲ್ಲವೆಂದು 1998ರಲ್ಲಿ ತಜ್ಞರ ವರದಿಯೊಂದು ಹೇಳಿತು. ವಾರ್ಮಸರು ಅದನ್ನು ಒಪ್ಪಿ, ಜನಸಾಮಾನ್ಯರ ಪ್ರತಿನಿಧಿಗಳ ಒಂದು ಮಂಡಳಿಯನ್ನು ರಚಿಸಿದರು.

ಹಾಗಾದರೆ ಮಂಚವೋ, ಪ್ರಯೋಗಶಾಲೆಯೋ? ನನ್ನ ತಿಳಿವಳಿಕೆಯಂತೆ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಎದುರುಬದುರು ಇಡುವುದೇ ಸರಿಯಲ್ಲ. ಇಂದಿನ ರೋಗಿ ನೆರೆಯವನು. ಇನ್ನೂ ಹುಟ್ಟದ, ಮೂವತ್ತು ವರ್ಷಗಳ ನಂತರ ಅದೇ ಹಾಸಿಗೆಯಲ್ಲಿ ಮಲಗಬೇಕಾದವನೂ ನೆರೆಯವನೇ. ಒಳ್ಳೆಯ ಸಮಾರಿಯನು ಗಾಯಗೊಂಡವನಿಗೆ ಎಣ್ಣೆ, ದ್ರಾಕ್ಷಾರಸ ಹಚ್ಚಿದ್ದಲ್ಲದೆ ಛತ್ರದವನಿಗೆ ಮುಂದಿನ ಖರ್ಚನ್ನೂ ಒಪ್ಪಿಕೊಂಡು ಹೋದನಲ್ಲ. ಮನೆಯಲ್ಲಿ ಎಷ್ಟೇ ಬಡತನವಿದ್ದರೂ ಬೀಜದ ಬತ್ತವನ್ನು ಕುಟ್ಟಿ ಅನ್ನ ಮಾಡುವುದಿಲ್ಲ ನಮ್ಮ ರೈತರು. ಬೀಜಕ್ಕೆ ಎಷ್ಟು, ಅಡುಗೆಗೆ ಎಷ್ಟು ಎಂಬುದು ವಿವೇಕದ ಪ್ರಶ್ನೆ, ಪ್ರತಿ ವರ್ಷವೂ ಹೊಸದಾಗಿ ಕೂತು ಲೆಕ್ಕ ಹಾಕಬೇಕಾದ ಪ್ರಶ್ನೆ. ಭಾರತ ತನ್ನ ಒಟ್ಟು ದೇಶೀಯ ಉತ್ಪನ್ನದಲ್ಲಿ 2020-21ರಲ್ಲಿ ಎಲ್ಲ ಬಗೆಯ ಸಂಶೋಧನೆಗೆ ಸೇರಿ ವ್ಯಯಿಸಿದ್ದು ಶೇಕಡಾ 0.64. ವರಾಂಡದ ಮಂಚವನ್ನು ಕಸಿದುಕೊಂಡದ್ದು ಪ್ರಯೋಗಶಾಲೆ ಎಂದು ಈ ಅಂಕಿ ನೋಡಿದ ಮೇಲೆ ಹೇಳುವುದು ಕಷ್ಟ.

ಧರ್ಮಸಭೆಯ ಚರಿತ್ರೆಯಲ್ಲೇ ಇದಕ್ಕೊಂದು ನಿದರ್ಶನವುಂಟು. ವಂಶವಾಹಿಯ ನಿಯಮಗಳನ್ನು ಮೊದಲು ಕಂಡವರು ಗ್ರೆಗರ್ ಮೆಂಡೆಲ್, ಬರ್ನೋ ಪಟ್ಟಣದ ಅಗಸ್ಟಿನ್ ಸಭೆಯ ಗುರು. ಅವರು ಬಟಾಣಿ ಬೆಳೆದದ್ದು ಮಠದ ತೋಟದಲ್ಲಿ, ಮಠದ ಖರ್ಚಿನಲ್ಲಿ. ಮಠಾಧಿಪತಿ ಸಿರಿಲ್ ನಾಪ್ ಅದಕ್ಕೆಂದು ಗಾಜಿನ ಮನೆಯನ್ನೂ ಕಟ್ಟಿಸಿಕೊಟ್ಟರು. 1866ರಲ್ಲಿ ಪ್ರಕಟವಾದ ಆ ಲೇಖನದ ಬೆಲೆ ಲೋಕಕ್ಕೆ ತಿಳಿದದ್ದು 1900ರಲ್ಲಿ, ಮೆಂಡೆಲ್ ತೀರಿಕೊಂಡು ಹದಿನಾರು ವರ್ಷಗಳ ಮೇಲೆ. ಆ ಮಠದ ಬಾಗಿಲಲ್ಲೂ ಬಡವರು ನಿಂತಿದ್ದಿರಬೇಕು. ಬಟಾಣಿ ಎಣಿಸುವ ಗುರುವಿಗೆ ಗಾಜಿನ ಮನೆ ಯಾಕೆ ಎಂದು ಯಾರಾದರೂ ಗೊಣಗಿರಲೂಬಹುದು.

ಎಲ್ಲರ ಹಣದಿಂದ ಬೆಳೆದ ಬೆಳೆ ಎಲ್ಲರ ಮನೆಗೂ ಬರುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಇಲ್ಲಿ ವಾರ್ಮಸರ ವಿಷಯದಲ್ಲಿ ನನಗೆ ಮೆಚ್ಚುಗೆಯೂ ತಕರಾರೂ ಎರಡೂ ಇವೆ. ಜನರ ಹಣದಿಂದ ನಡೆದ ಸಂಶೋಧನೆಯ ವರದಿಯನ್ನು ಓದಲು ಜನ ಮತ್ತೆ ದುಡ್ಡು ಕೊಡಬಾರದೆಂದು ಅವರು ಹಟ ಹಿಡಿದರು. ಅವರು ಹಾಕಿಕೊಟ್ಟ ಯೋಜನೆಯಂತೆ 2000ದಲ್ಲಿ ಅಂಥ ವರದಿಗಳ ಒಂದು ಉಚಿತ ಭಂಡಾರ ಕಂಪ್ಯೂಟರಿನಲ್ಲಿ ತೆರೆಯಿತು. ಹಳ್ಳಿಯ ವೈದ್ಯನೂ ಬೆಂಗಳೂರಿನ ವಿದ್ಯಾರ್ಥಿಯೂ ಇಂದು ಅದನ್ನು ಕಾಸು ಕೊಡದೆ ಓದಬಹುದು. ಆದರೆ ಅದೇ ವಾರ್ಮಸರು 1995ರಲ್ಲಿ ಇನ್ನೊಂದು ನಿರ್ಧಾರ ಮಾಡಿದ್ದರು. ಸರ್ಕಾರಿ ಸಂಸ್ಥೆಯ ಜೊತೆಗೂಡಿ ಔಷಧಿ ಕಂಡುಹಿಡಿಯುವ ಕಂಪೆನಿಗಳು ನ್ಯಾಯವಾದ ಬೆಲೆ ಇಡಬೇಕೆಂಬ ಷರತ್ತು 1989ರಿಂದ ಜಾರಿಯಲ್ಲಿತ್ತು. ಕಂಪೆನಿಗಳು ಹತ್ತಿರವೇ ಬರುತ್ತಿಲ್ಲ, ಜನರಿಗೆ ಅದರಿಂದ ಲಾಭವಾಗುತ್ತಿಲ್ಲ ಎಂದು ಅವರು ಅದನ್ನು ತೆಗೆದುಹಾಕಿದರು. ಅವರ ಕಾರಣ ಸುಳ್ಳೇನಲ್ಲದಿರಬಹುದು. ಆದರೆ ರೊಟ್ಟಿ ಮಾಡುವ ವಿಧಾನವನ್ನು ಎಲ್ಲರಿಗೂ ಧರ್ಮಾರ್ಥ ಹಂಚಿ, ರೊಟ್ಟಿಯ ಬೆಲೆಯನ್ನು ಅಂಗಡಿಯವನಿಗೇ ಬಿಟ್ಟಂತಾಯಿತು ಎಂಬ ಮಾತನ್ನು ನಾನು ತಡೆಹಿಡಿಯಲಾರೆ.

ಆ ಬೆಲೆಯ ಬಿಸಿ ನಮ್ಮ ದೇಶಕ್ಕೂ ತಟ್ಟಿತು. ನಮ್ಮ ಬಡಗಿ ನುಂಗುವ ಅದೇ ಮಾತ್ರೆಗೆ ನೊವಾರ್ಟಿಸ್ ಕಂಪೆನಿಯ ಬೆಲೆ ಆಗ ತಿಂಗಳಿಗೆ ಸುಮಾರು 1 ಲಕ್ಷ 20 ಸಾವಿರ ರೂಪಾಯಿ ಇತ್ತು. ಭಾರತದ ಕಂಪೆನಿಗಳು ಮಾಡಿದ ಅದೇ ಔಷಧಿ ಅದರ ಹತ್ತರಲ್ಲೊಂದು ಪಾಲಿಗೂ ಕಡಿಮೆಗೆ ದೊರೆಯುತ್ತಿತ್ತು. ನೊವಾರ್ಟಿಸ್ ಇಲ್ಲಿ ಪೇಟೆಂಟ್ ಬೇಡಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2013ರ ಏಪ್ರಿಲ್ 1ರಂದು ನ್ಯಾಯಾಲಯ ಅದನ್ನು ನಿರಾಕರಿಸಿತು. ಮೊದಲೇ ಗೊತ್ತಿದ್ದ ವಸ್ತುವಿನ ರೂಪ ಬದಲಿಸಿದ ಮಾತ್ರಕ್ಕೆ ಹೊಸ ಹಕ್ಕು ಹುಟ್ಟುವುದಿಲ್ಲ, ರೋಗ ಗುಣಪಡಿಸುವ ಶಕ್ತಿ ಹೆಚ್ಚಿರಬೇಕು ಎಂಬ ನಮ್ಮ ಕಾಯಿದೆಯ ಕಲಮನ್ನು ಅದು ಎತ್ತಿಹಿಡಿಯಿತು. ಕಂಪೆನಿ ತನ್ನ ರಸಾಯನ ವಿಜ್ಞಾನಿಗಳ ದುಡಿಮೆಗೆ ಪ್ರತಿಫಲ ಕೇಳಿದ್ದು ತಪ್ಪಲ್ಲ. ಅನೇಕ ಭಾರತೀಯ ರೋಗಿಗಳಿಗೆ ಅದು ಮಾತ್ರೆಯನ್ನು ಉಚಿತವಾಗಿ ಕೊಟ್ಟಿತ್ತೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಆದರೆ ದಾನ ಬೇರೆ, ನ್ಯಾಯ ಬೇರೆ. ದಾನ ಕೊಟ್ಟವನು ನಾಳೆ ನಿಲ್ಲಿಸಬಹುದು. ಆ ಮಾತ್ರೆಯ ಹಿಂದೆ ಕೋಳಿ, ಇಲಿ, ವರ್ಣತಂತುಗಳ ಮೇಲೆ ದಶಕಗಟ್ಟಲೆ ಖರ್ಚಾದ ಸಾರ್ವಜನಿಕ ಹಣವೂ ಇದೆಯೆಂಬುದನ್ನು ಬೆಲೆ ಬರೆಯುವ ಕೈ ಮರೆಯಬಾರದಲ್ಲವೇ? ಜಗದ್ಗುರು ಎರಡನೇ ಜಾನ್ ಪೌಲರು 1991ರ ತಮ್ಮ ವಿಶ್ವಪತ್ರದಲ್ಲಿ, ನಮ್ಮ ಕಾಲದಲ್ಲಿ ಭೂಮಿಯಷ್ಟೇ ಜ್ಞಾನ ಮತ್ತು ತಂತ್ರಕೌಶಲಗಳ ಒಡೆತನವೂ ಮಹತ್ವದ್ದಾಗುತ್ತಿದೆ ಎಂದು ಗುರುತಿಸಿದ್ದರು. ಭೂಮಿಯ ಸಂಪತ್ತು ಎಲ್ಲರಿಗಾಗಿ ಎಂಬ ಧರ್ಮಸಭೆಯ ಹಳೆಯ ಬೋಧನೆ ಈ ಹೊಸ ಒಡೆತನಕ್ಕೂ ಅನ್ವಯಿಸುತ್ತದೆ.

ಇನ್ನು, ಒಪ್ಪಲಾಗದ ವಿಷಯ. ಮಾನವ ಭ್ರೂಣವನ್ನು ನಾಶಪಡಿಸಿ ಪಡೆಯುವ ಕಾಂಡಕೋಶಗಳ ಸಂಶೋಧನೆಗೆ ಸರ್ಕಾರದ ಹಣ ಸಿಗಬೇಕೆಂದು ವಾರ್ಮಸರು ಬಹಳ ಕಾಲ ವಾದಿಸಿದರು. ರೋಗಿಗಳ ಮೇಲಿನ ಮರುಕದಿಂದಲೇ ಅವರು ಹಾಗೆ ವಾದಿಸಿದರೆಂದು ನಾನು ನಂಬುತ್ತೇನೆ. ಆದರೂ ಒಬ್ಬರ ಗುಣಕ್ಕಾಗಿ ಇನ್ನೊಬ್ಬರನ್ನು, ಅವರು ಎಷ್ಟೇ ಸಣ್ಣವರಾಗಿರಲಿ, ಸಾಮಗ್ರಿಯಾಗಿ ಬಳಸಲು ಬಾರದು. 1995ರ 'ಎವಾಂಜೆಲಿಯುಂ ವೀತೆ' ವಿಶ್ವಪತ್ರ ಇದನ್ನು ನಿಸ್ಸಂದಿಗ್ಧವಾಗಿ ಹೇಳಿದೆ. ಬೊಕ್ಕಸದಲ್ಲಿ ಎಲ್ಲರ ಹಣವಿರುವಾಗ, ಅದನ್ನು ಕೊಲೆಯೆಂದು ಬಗೆಯುವವರ ಹಣವೂ ಅಲ್ಲಿದೆ. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಇಲಿಯ ಚರ್ಮದ ಕೋಶವನ್ನೇ, ಮರುವರ್ಷ ಮನುಷ್ಯನ ಚರ್ಮದ ಕೋಶವನ್ನೇ ಹಿಂದಕ್ಕೆ ತಿರುಗಿಸಿ ಅಂಥ ಕಾಂಡಕೋಶವಾಗಿಸುವ ದಾರಿ ಕಂಡರು. 2012ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮವರು ಇದನ್ನು ಗೆಲುವೆಂಬಂತೆ ಸಾರುವುದುಂಟು. ಯಮನಾಕರ ಕೆಲಸಕ್ಕೂ ಮೊದಲಿನವರ ಭ್ರೂಣಕೋಶಗಳ ಅಧ್ಯಯನ ನೆರವಾಗಿತ್ತೆಂಬುದು ಸತ್ಯ. ಅದನ್ನು ಮುಚ್ಚಿಡುವುದು ಬೇಡ. ದಾರಿ ಸಿಗದೇ ಹೋಗಿದ್ದರೂ ನಮ್ಮ ಉತ್ತರ ಅದೇ ಆಗಿರಬೇಕಿತ್ತು. ಆಗ ಅದರ ಬೆಲೆಯನ್ನು ರೋಗಿಗಳು ತೆರಬೇಕಾಗುತ್ತಿತ್ತು ಎಂಬುದನ್ನೂ ಅವರ ಮುಖ ನೋಡಿಯೇ ಹೇಳಬೇಕಿತ್ತು.

ಈ ವಿಷಯ ಈಗ ಬರೆಯಲು ಕಾರಣವಿದೆ. 2025ರಲ್ಲಿ ಅಮೆರಿಕದ ಸರ್ಕಾರ ನಡೆಯುತ್ತಿದ್ದ ಅನೇಕ ಸಂಶೋಧನೆಗಳ ಅನುದಾನವನ್ನು ನಡುವೆಯೇ ನಿಲ್ಲಿಸಿತು, ಮುಂದಿನ ವರ್ಷಕ್ಕೆ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಹಣದಲ್ಲಿ ಸುಮಾರು ಶೇಕಡಾ 40ರಷ್ಟು ಕಡಿತದ ಪ್ರಸ್ತಾಪವನ್ನೂ ಮುಂದಿಟ್ಟಿತು. ಎಂಬತ್ತೈದು ದಾಟಿದ ವಾರ್ಮಸರು ಅದರ ವಿರುದ್ಧ ದನಿಯೆತ್ತಿದವರಲ್ಲಿ ಒಬ್ಬರು. ಅದು ದೂರದ ದೇಶದ ಜಗಳ ಎನ್ನುವಂತಿಲ್ಲ. ಅಲ್ಲಿ ಇಂದು ಮುಚ್ಚಿದ ಪ್ರಯೋಗಶಾಲೆಯ ನಷ್ಟ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಸಾಲಿನಲ್ಲಿ ನಿಂತವನಿಗೆ ಕಾಣುವುದು ಇಪ್ಪತ್ತು ಮೂವತ್ತು ವರ್ಷಗಳ ಮೇಲೆ. ಆಗ ಅವನು ಯಾರನ್ನು ಕೇಳಬೇಕು?

ಫೆಬ್ರವರಿ 11, ಲೂರ್ದು ಮಾತೆಯ ಹಬ್ಬ, 1993ರಿಂದ ವಿಶ್ವ ರೋಗಿಗಳ ದಿನವಾಗಿಯೂ ಆಚರಣೆಯಲ್ಲಿದೆ. ಆ ದಿನದ ಬಲಿಪೂಜೆಯ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ರೋಗಿಗಳನ್ನು, ವೈದ್ಯರನ್ನು, ದಾದಿಯರನ್ನು, ಆರೈಕೆ ಮಾಡುವ ಮನೆಯವರನ್ನು ನೆನೆಯುತ್ತೇವೆ. ನಮ್ಮ ಧರ್ಮಕೇಂದ್ರದಲ್ಲಿ ಈ ಸಲ ಇನ್ನೊಂದು ಬೇಡಿಕೆ ಸೇರಿಸಿದ್ದೇವೆ: ಯಾರಿಗೆ ಉಪಯೋಗವಾದೀತೆಂದು ತಿಳಿಯದೆಯೂ ಪ್ರಾಮಾಣಿಕವಾಗಿ ಹುಡುಕುತ್ತಿರುವವರಿಗಾಗಿ, ಅವರ ಕೆಲಸಕ್ಕೆ ಗೊತ್ತಿಲ್ಲದೆಯೇ ತಮ್ಮ ಕಾಸು ಕೊಟ್ಟ ಬಡವರಿಗಾಗಿ. ಓದಲು ಬಡಗಿಯನ್ನೇ ಕೇಳಿದ್ದೇನೆ. ಕನ್ನಡಕ ಸರಿ ಮಾಡಿಸಿಕೊಂಡು ಬರುತ್ತೇನೆ ಸ್ವಾಮಿ ಎಂದಿದ್ದಾನೆ.